ಹನ್ನೊಂದನೇ ಜಂತಿ

ಅಮೇರಿಕಾದಿಂದ ಬಂದು ನಾಕು ತಿಂಗಳಾತು. ಭೆಟ್ಟಿ ಆದವ್ರೆಲ್ಲಾ ಕೇಳೋದು ಒಂದ. "ನಯಾಗರಾ ನೋಡಿದ್ರೇನ್ರಿ? ನ್ಯೂಯಾರ್ಕ್ ನೋಡಿದ್ರೇನ್ರಿ?" ನೋಡೀನ್ರಿ, ಎರಡೂ ನೋಡೀನಿ. ಫೋಟೋನೂ ಅದಾವು. ಆದ್ರ ಆ ಆರು ತಿಂಗಳದಾಗ ನಾ ಭಾಳ ಹೊತ್ತು ನೋಡಿದ್ದು ಮಗಳ ಮನಿ ನೆಲಾನ. ಅದರ ಕತಿ ಹೇಳತೀನಿ. ಸ್ವಲ್ಪ ಉದ್ದ ಐತಿ, ಒಲಿ ಮ್ಯಾಲೆ ಹಾಲು ಇಟ್ಟಿದ್ರ ಮೊದಲ ಆರಿಸಿ ಬರ್ರಿ.

ಮಗಳು-ಅಳಿಯಾ ಇರೋದು ನ್ಯೂಜೆರ್ಸಿಯೊಳಗ. ಎರಡು ವರ್ಷದ ಹಿಂದ ಸಾಲಾ ಮಾಡಿ ಒಂದು ಹಳೇ ಮನಿ ತಗೊಂಡಾರ. 1955ರಾಗ ಕಟ್ಟಿದ್ದು, ನನಗಿಂತ ಹಿರೇದು. ಪಡಸಾಲಿಯೊಳಗ ಗ್ವಾಡಿಯಿಂದ ಗ್ವಾಡಿತನಕಾ ಕಾರ್ಪೆಟ್ ಹಾಸಿತ್ತು. ನಮ್ಮ ನವಲಗುಂದದ ಜಮಖಾನಿ ಆಗಿದ್ರ ಎತ್ತಿ ಅಂಗಳದಾಗ ಝಾಡಿಸಿ ಬಿಸಲಿಗೆ ಹಾಕಬಹುದಿತ್ತು. ಇದು ಹಂಗಲ್ಲ, ಸುತ್ತಲೂ ಮೊಳಿ ಇರೋ ಪಟ್ಟಿಗೆ ಸಿಗಿಸಿ ಬಿಗದ ಹಾಸಿದ್ದು, ಎತ್ತಾಕ ಬರೂದಿಲ್ಲ. ನಾಕು ವರ್ಷದ ಮೊಮ್ಮಗ ರಾತ್ರಿ ಆತಂದ್ರ ಕೆಮ್ಮು. ಹಳೇ ಕಾರ್ಪೆಟಿನ್ಯಾಗ ಧೂಳಿನ ಸಣ್ಣ ಹುಳ ಇರತಾವು, ಅದನ್ನ ತಗದು ಬಿಡ್ರಿ ಅಂತ ಡಾಕ್ಟ್ರು ಹೇಳಿದ್ರಂತ. ಅದಕ್ಕ ಕಟಿಗಿ ನೆಲಾ ಹಾಕಸೋದು ಅಂತ ಠರಾವು ಮಾಡಿದ್ರು.

ಇಬ್ಬರು ಮೂವರು ಕೆಲಸದವ್ರನ್ನ ಕರಸಿ ಕೇಳಿದ್ರು. ಹಲಗಿಗೆ ಎಷ್ಟು ರೊಕ್ಕೋ ಕೂಲಿಗೂ ಹತ್ತರ ಅಷ್ಟ. ಅಳಿಯಂದ್ರು, "ನಾನ ಮಾಡತೀನಿ ಬಿಡು, ರಜಾ ಐತಿ" ಅಂದ್ರು. ನನಗ ಆಶ್ಚರ್ಯ ಆತು. ಕಂಪ್ಯೂಟರ್ ಕೆಲಸಾ ಮಾಡೋ ಹುಡುಗ, ಮದುವ್ಯಾಗ ತೆಂಗಿನಕಾಯಿ ಒಡೀಲಿಕ್ಕೆ ಮೂರು ಸಲ ಬಡದಿದ್ರು. ಆದ್ರ ಅಳಿಯಂದ್ರಿಗೆ ಹಂಗ ಹೆಂಗ ಅನ್ನೋದು? ಸುಮ್ಮನಾದೆ.

ಆಗಸ್ಟ್ ತಿಂಗಳದಾಗ ಒಂದು ಶನಿವಾರ ಕಾರ್ಪೆಟ್ ಕಿತ್ತಿದ್ವಿ. ಮೂಗಿಗೆ ಮಾಸ್ಕ್, ಕೈಗೆ ದಪ್ಪ ಗ್ಲೌಸ್. ಅದರ ಅಡಿ ಬಿದ್ದಿದ್ದ ಧೂಳು ನೋಡಿ ನನಗ ಎದಿ ಝಲ್ ಅಂತು. ಕೂಸು ಎರಡು ವರ್ಷ ಇದರ ಮ್ಯಾಲ ಅಂಬೆಗಾಲು ಇಟ್ಟು ಆಡೇತಿ! ಅಡಗಿಮನಿ ಮೂಲ್ಯಾಗ ಮಾತ್ರ ಕಾರ್ಪೆಟ್ ಕೆಳಗ ಒಂಬತ್ತು ಇಂಚಿನ ಚೌಕ ಟೈಲ್ಸ್ ಕಂಡ್ವು. ನಾ ಚಾಕು ತಗೊಂಡು ಕೆರೀಲಿಕ್ಕೆ ಹೋದೆ, ಮಗಳು ಓಡಿ ಬಂದು ಕೈ ಹಿಡದಳು. ಆಗಿನ ಕಾಲದ ಅಂಥಾ ಟೈಲ್ಸಿನ್ಯಾಗ ಅಸ್ಬೆಸ್ಟಾಸ್ ಇರಬಹುದು, ಪರೀಕ್ಷಾ ಮಾಡಸದ ಕೆರೀಬಾರದು, ಒಡೀಬಾರದು, ಅದರ ಪುಡಿ ಶ್ವಾಸಕೋಶಕ್ಕ ಕೆಟ್ಟದ್ದಂತ. ಅದನ್ನ ಮುಟ್ಟದ ಹಂಗ ಬಿಟ್ವಿ. ನಿಮ್ಮ ಮಕ್ಕಳೂ ಅಲ್ಲೆ ಹಳೇ ಮನಿ ತಗೊಂಡಿದ್ರ ಇದೊಂದು ನೆನಪಿಡ್ರಿ.

ಕಾರ್ಪೆಟ್ ಕೆಳಗ ನಾ ಫರಸಿ ಇರತೈತಿ ಅಂತ ತಿಳಕೊಂಡಿದ್ದೆ. ನಮಗೆಲ್ಲಾ ನೆಲಾ ಅಂದ್ರ ಕಲ್ಲು, ಅದರ ಕೆಳಗ ಮಣ್ಣು, ಅದರ ಕೆಳಗ ಭೂಮಿತಾಯಿ. ಅಲ್ಲೆ ನೋಡಿದ್ರ ಓರೆಯಾಗಿ ಹೊಡದ ಹಳೇ ಹಲಗಿ. "ಇದರ ಕೆಳಗ ಏನೈತ್ರಿ?" ಅಂದೆ. "ಏನಿಲ್ರಿ ಅತ್ತಿಯವರ, ಬೇಸ್‌ಮೆಂಟ್. ಬರ್ರಿ ತೋರಸ್ತೀನಿ" ಅಂತ ಕೆಳಗ ಕರಕೊಂಡು ಹೋದ್ರು. ನೆಲದ ಕೆಳಗಿನ ಖೋಲಿ ಅದು. ಮ್ಯಾಲ ತಲಿ ಎತ್ತಿ ನೋಡತೀನಿ, ಸಾಲಕ ಜಂತಿ!

ನನಗ ತವರುಮನಿಗೆ ಹೋದಂಗ ಆತ್ರಿ. ನಮ್ಮ ಹಳ್ಳಿ ಮಾಳಿಗಿ ಮನ್ಯಾಗ ಹಿಂಗ ಅಲ್ಲೇನು? ತೊಲಿ, ತೊಲಿ ಮ್ಯಾಲ ಜಂತಿ, ಜಂತಿ ಮ್ಯಾಲ ಹಲಗಿ, ಅದರ ಮ್ಯಾಲ ತಪ್ಪಲಾ, ಮಣ್ಣು. ನಮಗ ಅದು ಮಾಳಿಗಿ, ಅವರಿಗೆ ಅದು ನೆಲಾ, ಅಷ್ಟ ಫರಕು. ಒಂದ ಜಂತಿಯಿಂದ ಇನ್ನೊಂದಕ್ಕ ಹದಿನಾರು ಇಂಚು, ಒಂದು ಮೊಳಕ್ಕ ಎರಡು ಇಂಚು ಕಡಿಮಿ. ನಮ್ಮಪ್ಪ ಪ್ರತಿ ವರ್ಷ ಮಳಿಗಾಲಕ್ಕ ಮೊದ್ಲ ಬಡಗಿ ತಗೊಂಡು ಒಂದೊಂದ ಜಂತಿ ಬಡದು ನೋಡತಿದ್ದ. ಗಟ್ಟಿ ಇದ್ರ ಟಣ್ ಅಂತಿತ್ತು, ಗೆದ್ದಲ ಹತ್ತಿದ್ರ ಡಬ್ ಅಂತಿತ್ತು. ಇದನ್ನ ಹೇಳಿದ್ರ ಅಳಿಯಂದ್ರು ನಕ್ಕು, "ಹಂಗಾದ್ರ ನೀವ ಇಂಜಿನಿಯರ್ ಆಗ್ರಿ" ಅಂದ್ರು.

ಸೋಮವಾರ ಹಲಗಿ ಡಬ್ಬಿ ಬಂದ್ವು. ಇದಕ್ಕ ಎಂಜಿನಿಯರ್ಡ್ ವುಡ್ ಅಂತಾರ. ಮ್ಯಾಲಿನ ಪದರು ಖರೇ ಓಕ್ ಕಟಿಗಿ, ಮೂರು ನಾಕು ಮಿಲಿಮೀಟರ್ ದಪ್ಪ. ಕೆಳಗ ತೆಳ್ಳನ ಕಟಿಗಿ ಪದರು ಒಂದು ಉದ್ದಕ, ಒಂದು ಅಡ್ಡಕ ಅಂಟಿಸಿರತಾರ. ಕಟಿಗಿ ಹಸಿಗೆ ಉಬ್ಬೋದು ಅಗಲಕ್ಕ, ಉದ್ದಕ್ಕ ಅಲ್ಲ. ಹಿಂಗ ಅಡ್ಡಾದಿಡ್ಡಿ ಅಂಟಿಸಿದ್ರ ಒಂದನ್ನೊಂದು ಹಿಡದು ನಿಲ್ಲಸ್ತಾವು, ಉಬ್ಬೋದು ಕುಗ್ಗೋದು ಕಡಿಮಿ. ಲ್ಯಾಮಿನೇಟ್ ಅಂತ ಸೋವಿದು ಬ್ಯಾರೆ ಬರತೈತಿ, ಅದರ ಮ್ಯಾಲ ಇರೋದು ಕಟಿಗಿ ಚಿತ್ರ ಅಷ್ಟ. ಇದು ಹಂಗಲ್ಲ, ಮ್ಯಾಲಿನ ಪದರು ದಪ್ಪ ಇದ್ರ ಹತ್ತಾರು ವರ್ಷದ ಮ್ಯಾಲ ಒಂದೆರಡು ಸಲ ಉಜ್ಜಿ ಹೊಸದು ಮಾಡಬಹುದು.

ಡಬ್ಬಿ ಬಂದ್ವು, ಇನ್ನೇನು ನಾಳೆ ಹಾಕತಾರ ಅಂದ್ರ, ಇಲ್ಲ. ಎರಡು ಸೂಜಿ ಇರೋ ಸಣ್ಣ ಮೀಟರ್ ತಂದು ಕಟಿಗಿಗೆ ಚುಚ್ಚಿ ನೋಡಿದ್ರು. ಹೊಸ ಹಲಗಿಯೊಳಗ ನೀರಿನ ಅಂಶ ನೂರಕ್ಕ ಎಂಟು, ನೆಲದ ಹಳೇ ಹಲಗಿಯೊಳಗ ಹದಿನಾಕು. ಅಗಲ ಹಲಗಿ ಹಾಕೋವಾಗ ಎರಡರ ನಡುವ ಎರಡಕ್ಕಿಂತ ಹೆಚ್ಚು ಫರಕು ಇರಬಾರದಂತ. ಕೆಳಗ ಬೇಸ್‌ಮೆಂಟಿನ ಥಂಡಿ, ಮ್ಯಾಲ ಬ್ಯಾಸಗಿ ಹಸಿ ಹವಾ. ಹಸಿ ನೆಲದ ಮ್ಯಾಲ ಹಂಗ ಹೊಡದ್ರ ಆಮ್ಯಾಲ ಹಲಗಿ ಅಂಚು ಎದ್ದು ದೋಣಿ ಆಕಾವು. ಅದಕ್ಕ ಹವಾದೊಳಗಿನ ನೀರು ಎಳಿಯೋ ಮಷೀನು ತಂದು ಬೇಸ್‌ಮೆಂಟಿನ್ಯಾಗ ಹಚ್ಚಿದ್ರು. ದಿನಾ ಒಂದು ಬಕೆಟ್ ನೀರು! ನಾ ಅದನ್ನ ಹೊರಗಿನ ಗಿಡಕ್ಕ ಹಾಕತಿದ್ದೆ.

ಹಿಂಗ ಎರಡು ವಾರ. ಸೋಫಾ ಅಡಗಿಮನ್ಯಾಗ, ಪಾತ್ರಿ ಡಬ್ಬಿಯೊಳಗ. ಉಪ್ಪಿನಡಬ್ಬಿ ಹುಡುಕಾಕ ಅರ್ಧಾ ತಾಸು. ನನಗ ಸಿಟ್ಟು ಬಂದು ಮಗಳಿಗೆ ಅಂದೆ, "ಅಲ್ಲಬೇ, ಕಟಿಗಿಗೆ ಏನು ಮುಹೂರ್ತ ನೋಡಾಕತ್ತೀರೇನು?" ಅಕಿ ಏನೂ ಅನ್ನಲಿಲ್ಲ. ಅಕಿ ಹಂಗ ಸುಮ್ಮನಿರೋ ಹುಡುಗಿ ಅಲ್ಲ. ಆವಾಗ ನನಗ ಸ್ವಲ್ಪ ಅನುಮಾನ ಬಂತು. ಅಳಿಯಂದ್ರ "ರಜಾ" ಮುಗಿಯೋ ಲಕ್ಷಣ ಇರಲಿಲ್ಲ.

ಮ್ಯಾಲಿನ ಖೋಲ್ಯಾಗ ಸಾಮಾನು ತುಂಬಿದ್ದಕ್ಕ ನನ್ನ ಹಾಸಿಗಿ ಬೇಸ್‌ಮೆಂಟಿಗೆ ಬಂದಿತ್ತು. ನಿದ್ದಿ ಬರದ ಬಿದ್ಕೊಂಡ್ರ "ಜಂತಿ ಎಣಸ್ತಾ ಮಲಗಿದ್ದೆ" ಅಂತೀವಲ್ಲ, ನಾ ಖರೇನ ಜಂತಿ ಎಣಸ್ತಾ ಮಲಗಿದ್ದೆ. ಒಟ್ಟು ಇಪ್ಪತ್ತೆರಡು. ಒಂದು ರಾತ್ರಿ ಎರಡು ಗಂಟೆಕ್ಕ ಮ್ಯಾಲ ಯಾರೋ ಅಡ್ಡಾಡೋ ಸಪ್ಪಳ. ಈ ಕಡಿಂದ ಆ ಕಡೆ, ಆ ಕಡಿಂದ ಈ ಕಡೆ. ಒಂದು ಜಾಗಾಕ್ಕ ಬಂದ ಕೂಡಲೆ "ಕಿರ್ರ್". ಮರುದಿನಾನೂ ಅದ ಹೊತ್ತಿಗೆ, ಅದ ಜಾಗಾಕ್ಕ ಕಿರ್ರ್. ಮೂರನೇ ರಾತ್ರಿ ನಾ ಎದ್ದು ಕುಂತು ಎಣಸಿದೆ. ಹನ್ನೊಂದನೇ ಜಂತಿ.

ಮುಂಜಾನಿ ಚಹಾ ಕುಡಿಯೋವಾಗ ಅಳಿಯಂದ್ರಿಗೆ ಹೇಳಿದೆ, "ಹನ್ನೊಂದನೇ ಜಂತಿ ಒಮ್ಮೆ ನೋಡ್ರಿ. ಅಲ್ಲೆ ಏನೋ ಐತಿ." ಬ್ಯಾಟರಿ ತಗೊಂಡು ಕೆಳಗ ಬಂದ್ರು. ನೋಡಿದ್ರ ಆ ಜಂತಿ ನಡುವ ಕೆಳ ಅಂಚಿನ್ಯಾಗ ದೊಡ್ಡ ಕಚ್ಚು. ಯಾವ ಕಾಲಕ್ಕೋ ಯಾರೋ ಪೈಪ್ ಹಾಯಿಸಾಕ ಕೊಯ್ದಿದ್ದು. ಪೈಪ್ ಈಗಿಲ್ಲ, ಗಾಯ ಉಳದೈತಿ. ಕಚ್ಚಿನ ಮೂಲಿಯಿಂದ ಕೂದಲಿನಂಗ ಒಂದು ಸೀಳು. ಜಂತಿ ಅಷ್ಟು ಜೋತು ಬಿದ್ದು, ಅದಕ್ಕೂ ಮ್ಯಾಲಿನ ಹಲಗಿಗೂ ನಡುವ ಸಂದು ಬಿದ್ದಿತ್ತು. ಕಾಲಿಟ್ರ ಹಲಗಿ ಕೆಳಗಿಳದು ಮೊಳಿಗೆ ತಿಕ್ಕಿ ಕಿರ್ರ್ ಅಂತಿತ್ತು. ಎರಡು ವರ್ಷದಾಗ ಯಾರಿಗೂ ಗೊತ್ತಾಗಿರಲಿಲ್ಲ, ಕಾರ್ಪೆಟ್ ಆ ಸಪ್ಪಳ ನುಂಗಿತ್ತು.

"ನಿಮಗ ಹೆಂಗ ಗೊತ್ತಾತ್ರಿ ಅತ್ತಿಯವರ?" ಅಂದ್ರು.

"ನೀವು ರಾತ್ರಿ ಎರಡಕ್ಕ ಅಡ್ಡಾಡತೀರಲ್ಲ, ಅದಕ್ಕ ಗೊತ್ತಾತು."

ಬ್ಯಾಟರಿ ಆರಿಸಿ ಅಲ್ಲೇ ಪಾವಟಿಗಿ ಮ್ಯಾಲ ಕುಂತ್ರು. ಭಾಳ ಹೊತ್ತು ಮಾತಿಲ್ಲ. ಆಮ್ಯಾಲ ಹೇಳಿದ್ರು. ನೌಕರಿ ಹೋಗಿ ಇಪ್ಪತ್ನಾಕು ದಿನಾ ಆಗಿತ್ತು. ಕಂಪನಿಯೊಳಗ ಒಮ್ಮೆಲೆ ಭಾಳ ಮಂದೀನ ತಗದಿದ್ರು. ಅವರ ವೀಸಾದ ನೇಮದ ಪ್ರಕಾರ ಅರವತ್ತು ದಿನದಾಗ ಬ್ಯಾರೆ ನೌಕರಿ ಹುಡುಕಬೇಕು, ಇಲ್ಲಾ ಮಗಳ ವೀಸಾದ ಆಸರಿಗೆ ಬದಲಿ ಮಾಡಿಸಾಕ ಅರ್ಜಿ ಹಾಕಬೇಕು, ಇಲ್ಲಾ ದೇಶಾ ಬಿಡಬೇಕು. ಮ್ಯಾಲೆ ಮನಿ ಸಾಲ. "ನಿಮಗ ಬಿ.ಪಿ. ಐತಿ, ಹೇಳೋದು ಬ್ಯಾಡ ಅಂತ ಇಬ್ಬರೂ ಮಾತಾಡ್ಕೊಂಡಿದ್ವಿ. ನೆಲಾ ಒಂದಾದ್ರೂ ನನ್ನ ಕೈಲೆ ಆಗಲಿ ಅನಸ್ತು" ಅಂದ್ರು.

ನನಗ ಏನು ಹೇಳಬೇಕು ತಿಳೀಲಿಲ್ಲ. ಇಂಗ್ಲೀಷ್ ಬರೂದಿಲ್ಲ, ವೀಸಾ ತಿಳಿಯೂದಿಲ್ಲ, ಪಿಯುಸಿಗೆ ಓದು ಬಿಟ್ಟಾಕಿ ನಾನು. ನನಗ ಗೊತ್ತಿದ್ದದ್ದು ಒಂದ, ಅದನ್ನ ಹೇಳಿದೆ. ನಮ್ಮನಿಯವ್ರ ಅರಿವಿ ಅಂಗಡಿ ಮುಚ್ಚಿದ ವರ್ಷ ನಾ ತವರಿಗೆ ಹೇಳಿರಲಿಲ್ಲ. ಮದುವಿ ಮುಂಜವಿಗೆ ಇದ್ದ ಒಂದ ಇಳಕಲ್ ಸೀರಿ ಉಟ್ಕೊಂಡು ನಕ್ಕೋತ ಅಡ್ಡಾಡತಿದ್ದೆ. ನಮ್ಮಕ್ಕ ಒಂದು ಲಗ್ನದಾಗ ನನ್ನ ಕೈ ನೋಡಿದಳು. ಬಳಿ ಇರಲಿಲ್ಲ. ಏನೂ ಕೇಳಲಿಲ್ಲ. ಎಂಟು ದಿನಕ್ಕ ಒಂದು ಚೀಲ ಜ್ವಾಳಾ, ಅರ್ಧ ಚೀಲ ಕಡ್ಲಿ ತಗೊಂಡು ಬಸ್ಸಿನ್ಯಾಗ ಬಂದು ಇಳದಳು. ಮುಂದ ಒಂದು ವರ್ಷ ಹಂಗ ನಡೀತು. ಮಗಳು ಆವಾಗ ಸಣ್ಣಾಕಿ, ದೊಡ್ಡಮ್ಮ ಬಂದ್ರ ಉಂಡಿ ತರತಾಳ ಅಂತ ಅಷ್ಟ ಅಕಿಗೆ ಗೊತ್ತು. ಇದನ್ನ ನಾ ಮಗಳಿಗೂ ಅವತ್ತೇ ಮೊದಲ ಸಲ ಹೇಳಿದ್ದು. ಅಕಿ ಅತ್ತಳು. ಆಮ್ಯಾಲ ಸಿಟ್ಟಿಗೆದ್ದಳು, "ನೀನೂ ಮುಚ್ಚಿಟ್ಟಿದ್ದಿ, ಮತ್ತ ನನಗ್ಯಾಕ ಬೈತಿ?" ಅಂತ. ಖರೆ ಐತಿ, ನನ್ನ ಹತ್ರ ಜವಾಬಿರಲಿಲ್ಲ.

ಜಂತಿ ಕೆಲಸಾ ಅಳಿಯಂದ್ರು ತಾವ ಮಾಡಲಿಲ್ಲ. ಅದು ಮನಿ ಭಾರಾ ಹೊರೋದು, ತಿಳದವ್ರ ಕೈಯಾಗ ಕೊಡಬೇಕು ಅಂತ ಒಬ್ಬ ಬಡಿಗ್ಯಾನ್ನ ಒಂದು ದಿನದ ಮಟ್ಟಿಗೆ ಕರಸಿದ್ರು. ವಯಸ್ಸಾದ ಮನಶಾ. ಹಳೇ ಜಂತಿ ಕೀಳತಾನ ಅಂತ ನಾ ನೋಡಾಕ ನಿಂತಿದ್ದೆ. ಕೀಳಲಿಲ್ಲ. ಕೆಳಗ ಜಾಕ್ ಕೊಟ್ಟು ಜೋತದ್ದನ್ನ ಸಾವಕಾಶ ಎತ್ತಿ, ಅದರ ಮಗ್ಗಲಕ್ಕ ಅಷ್ಟ ಎತ್ತರದ ಹೊಸಾ ಜಂತಿ ಒಂದನ್ನ ಅಂಟು ಹಚ್ಚಿ, ಬೋಲ್ಟ್ ಹಾಕಿ ಬಿಗದ. ಹಳೇದು ಅಲ್ಲೇ ಇತ್ತು, ಭಾರಾ ಮಾತ್ರ ಎರಡೂ ಕೂಡಿ ಹೊತ್ವು. ಇದಕ್ಕ ಏನಂತಾರ ಅಂತ ಮಗಳ ಕಡಿಂದ ಕೇಳಿಸಿದೆ. "ಸಿಸ್ಟರ್" ಅಂದ. ನಾ ತಪ್ಪು ಕೇಳಿಸ್ಕೊಂಡೆ ಅಂತ ತಿಳದು ಮತ್ತ ಕೇಳಿಸಿದೆ. ಹೌದ್ರಿ, ಅಲ್ಲಿ ಬಡಿಗ್ಯಾರ ಮಾತಿನ್ಯಾಗ ಅದಕ್ಕ ಸಿಸ್ಟರ್ ಅಂತನ ಹೆಸರು. ಅಕ್ಕ-ತಂಗಿ ಜಂತಿ. ಅಕ್ಕಾ, ನೀ ಇದನ್ನ ಓದತಿ ಅಂತ ಗೊತ್ತೈತಿ. ಅವತ್ತು ನಾ ನಿನ್ನ ಭಾಳ ನೆನಸಿದೆ.

ಅಷ್ಟೊತ್ತಿಗೆ ಮೀಟರ್ ಹತ್ತಕ್ಕ ಇಳದಿತ್ತು. ಮುಂದಿನ ಕೆಲಸಾ ಭರಾಭರ ನಡೀತು. ಓರೆ ಹಲಗೀನ ಪ್ರತಿ ಜಂತಿಗೂ ಸ್ಕ್ರೂ ಹಾಕಿ ಬಿಗದ್ರು. ಹಲಗಿ ಕಂಪನಿ ಪುಸ್ತಕದಾಗ ಹೇಳಿದಂಗ ಅದರ ಮ್ಯಾಲ ಪ್ಲೈವುಡ್ ಹೊಡದ್ರು. ಉದ್ದನ ಪಟ್ಟಿ ಇಟ್ಟು ನೋಡಿದ್ರು, ಹತ್ತು ಫೂಟಿನ್ಯಾಗ ಕಾಲು ಇಂಚಿಗಿಂತ ಹೆಚ್ಚು ಏರುಪೇರು ಇರಬಾರದು. ಉಬ್ಬಿದಲ್ಲೆ ಉಜ್ಜಿದ್ರು. ಮೊಳಿ ತಲಿ ಒಂದಾದ್ರೂ ಮ್ಯಾಲ ಉಳದೈತೇನು ಅಂತ ನಾ ಕೈಯಾಡಿಸಿ ನೋಡಿದೆ. ಆಮ್ಯಾಲ ಡಾಂಬರ್ ಹಚ್ಚಿದ ಕರೇ ಕಾಗದ ಹಾಸಿದ್ರು. ನಮ್ಮ ಬಡಿಗ್ಯಾರು ದಾರಕ್ಕ ಕೆಮ್ಮಣ್ಣು ಹಚ್ಚಿ ಚಟ್ ಅಂತ ಗೆರಿ ಹೊಡಿತಾರಲ್ಲ, ಅಲ್ಲೂ ಹಂಗ, ಬಣ್ಣ ಮಾತ್ರ ನೀಲಿ.

ಹಲಗಿ ಸಾಮಾನ್ಯವಾಗಿ ಜಂತಿಗೆ ಅಡ್ಡಕ ಬರಬೇಕು. ಜಂತಿ ಗುಂಟ ಹಾಕಿದ್ರ ಎರಡು ಜಂತಿ ನಡುವಿನ ಹಲಗಿಗೆ ಆಸರಾ ಕಡಿಮಿ. ಗ್ವಾಡಿ ಹತ್ರ ಸುತ್ತಲೂ ಅರ್ಧಾ ಇಂಚು ಸಂದು ಬಿಡಬೇಕು, ಕಟಿಗಿಗೆ ಉಸರಾಡಾಕ. ಆಮ್ಯಾಲ ಅದನ್ನ ಪಟ್ಟಿ ಹೊಡದು ಮುಚ್ಚತಾರ. ಮೊದಲನೇ ಸಾಲು ಹಿಡದು ಅರ್ಧಾ ದಿನಾ ಕುಂತ್ರು. ನನಗ ತಡೀಲಿಲ್ಲ, ಆದ್ರ ಈ ಸಲ ಸುಮ್ಮನಿದ್ದೆ. ಮೊದಲನೇ ಸಾಲು ಸೊಟ್ಟ ಆದ್ರ ಕಡೀ ಸಾಲೂ ಸೊಟ್ಟ, ಇದು ರಂಗೋಲಿ ಹಾಕಿದವ್ರಿಗೆ ಗೊತ್ತಿದ್ದದ್ದ.

ನನ್ನ ಪಾಲಿಗೆ ಬಂದ ಕೆಲಸಾ ಹಲಗಿ ಆರಸೋದು. ಒಂದ ಡಬ್ಬಿ ಖಾಲಿ ಮಾಡಿ ಇನ್ನೊಂದು ತಗೀಬಾರದು, ಹಂಗ ಮಾಡಿದ್ರ ನೆಲದಾಗ ಒಂದು ಕಡೆ ಕಪ್ಪು, ಒಂದು ಕಡೆ ಬಿಳಪು ಕಾಣತೈತಿ. ನಾಕೈದು ಡಬ್ಬಿ ಕೂಡೇ ತಗದು, ಗಂಟಿದ್ದದ್ದು, ಗೆರಿ ಇದ್ದದ್ದು, ತಿಳಿ ಬಣ್ಣದ್ದು ಎಲ್ಲಾ ಕಲಸಿ ಹಾಸಬೇಕು. ಒಂದ ಸಾಲಿನ ಕೂಡು ಮತ್ತೊಂದು ಸಾಲಿನ ಕೂಡಿನ ಹತ್ರ ಬರಬಾರದು. ಕೌದಿಗೆ ತುಣುಕು ಜೋಡಿಸಿದಂಗ ನಾ ಜೋಡಿಸಿ ಇಟ್ಕೋತ ಹೋದೆ, ಹಿಂದಿಂದ ಅಳಿಯಂದ್ರು ಬಾಡಿಗಿ ಮಷೀನಿನಿಂದ ಮೊಳಿ ಹೊಡಕೋತ ಬಂದ್ರು. ಮಗಳು ಆಫೀಸ್ ಕೆಲಸಾ ಮುಗಿಸಿ ಬಂದು ಅಳತಿ ಹಿಡೀತಿದ್ದಳು. ಮೊಮ್ಮಗ ಪೆನ್ಸಿಲ್ ಕಿವ್ಯಾಗ ಸಿಗಿಸ್ಕೊಂಡು ಎಲ್ಲಾರಿಗೂ ಹುಕುಂ ಮಾಡತಿದ್ದ. ಮೂರು ದಿನಕ್ಕ ಪಡಸಾಲಿ ಆತು. ಆ ಮೂರು ದಿನಾ ಮನ್ಯಾಗ ಯಾರೂ ಯಾರ ಹತ್ರಾನೂ ಏನೂ ಮುಚ್ಚಿಡೋದಿರಲಿಲ್ಲ. ರಾತ್ರಿ ಊಟಕ್ಕ ಕುಂತಾಗ ಯಾವ ಕಂಪನಿಗೆ ಅರ್ಜಿ ಹೋತು, ಯಾರು ಬ್ಯಾಡ ಅಂದ್ರು ಅಂತ ನನ್ನ ಮುಂದನ ಮಾತಾಡತಿದ್ರು.

ಮುಗದ ಮರುದಿನಾ ನಾ ಒಂದು ಫಜೀತಿ ಮಾಡಿದೆ. ಹೊಸಾ ನೆಲಾ, ಶುಕ್ರವಾರ ಬ್ಯಾರೆ. ಬಕೆಟ್ ತುಂಬ ನೀರು ತಗೊಂಡು ಒದ್ದಿ ಅರಿವಿಲೆ ಜಳ ಜಳ ಒರಸಾಕ ಹತ್ತಿದೆ. ಮಗಳು "ಅವ್ವಾ!" ಅಂತ ಚೀರಿದ್ದು ಮಗ್ಗಲ ಮನಿಗೆ ಕೇಳಿರಬೇಕು. ಕಟಿಗಿ ನೆಲಕ್ಕ ನೀರು ಸುರವಬಾರದ್ರಿ. ಕಸಾ ಹೊಡದು, ಗಟ್ಟಿ ಹಿಂಡಿದ ಅರಿವಿಲೆ ಒರಸಿ, ಕೂಡಲೇ ಒಣಗಿಸಬೇಕು ಅಷ್ಟ. ಎಲ್ಲಾರೂ ಟಾವೆಲ್ ತಗೊಂಡು ಮೊಣಕಾಲ ಮ್ಯಾಲ ಕುಂತು ಒರಸಿದ್ವಿ. ಅಳಿಯಂದ್ರು ನಕ್ಕದ್ದು ಕಂಡೆ. ಎಷ್ಟೋ ದಿನದ ಮ್ಯಾಲ ಹೊಟ್ಟಿ ಹಿಡಕೊಂಡು ನಕ್ಕಿದ್ರು.

ಅರವತ್ತು ದಿನದಾಗ ನೌಕರಿ ಸಿಗಲಿಲ್ಲ. ಮಗಳ ವೀಸಾದ ಆಸರಿಗೆ ಅರ್ಜಿ ಹಾಕಿದ್ರು. ನಾ ವಾಪಸ್ ಬಂದ ಮ್ಯಾಲ, ಈಗ ಒಂದು ತಿಂಗಳ ಹಿಂದ ನೌಕರಿ ಸಿಕ್ಕೇತಿ, ಮೊದಲಿಗಿಂತ ಪಗಾರ ಕಡಿಮಿ. ಮೊಮ್ಮಗನ ಕೆಮ್ಮು ಪೂರ್ತಿ ಹೋಗಿಲ್ಲ, ಆದ್ರ ರಾತ್ರಿ ನಿದ್ದಿ ಮಾಡತಾನ. ಥಂಡಿಯೊಳಗ ಹೀಟರ್ ಹಚ್ಚಿದಾಗ ಹಲಗಿ ನಡುವ ಕೂದಲಿನಂಥಾ ಸಂದು ಬಿದ್ದಾವಂತ, ಫೋಟೋ ಕಳಿಸಿದ್ರು. ನಾ ಗಾಬರಿ ಆದೆ. ಒಣಾ ಹವಾಕ್ಕ ಕಟಿಗಿ ಸ್ವಲ್ಪ ಕುಗ್ಗತೈತಿ, ಬ್ಯಾಸಗ್ಯಾಗ ಮತ್ತ ಕೂಡತಾವು, ಚಿಂತಿ ಮಾಡಬ್ಯಾಡ್ರಿ ಅಂದ್ರು.

ಇದನ್ನೆಲ್ಲಾ ಬರೀಲೇನು ಅಂತ ಅಳಿಯಂದ್ರನ್ನ ಕೇಳೇ ಬರದೀನಿ. "ಬರೀರಿ ಅತ್ತಿಯವರ, ನನ್ನಂಗ ಮುಚ್ಚಿಟ್ಕೊಂಡು ಕುಂತವ್ರು ಭಾಳ ಮಂದಿ ಅದಾರ" ಅಂದ್ರು. ನಮ್ಮ ಓಣ್ಯಾಗನ ಎಷ್ಟು ಮನಿ ಮಕ್ಕಳು ಹೊರದೇಶದಾಗ ಅದಾರ. ಫೋನ್ ಮಾಡಿದ್ರ "ಎಲ್ಲಾ ಆರಾಮ ಅವ್ವಾ" ಅಂತಾವು, ನಾವೂ "ಇಲ್ಲೂ ಎಲ್ಲಾ ಆರಾಮ" ಅಂತೀವಿ. ಮೊದಲ ನಾನೂ ಅಷ್ಟಕ್ಕ ಫೋನ್ ಇಡತಿದ್ದೆ. ಈಗ ವಾರಕ್ಕೊಮ್ಮೆ, ಎಲ್ಲಾ ಮಾತು ಮುಗದ ಮ್ಯಾಲ, ಇನ್ನೊಂದು ಕೇಳತೀನಿ: "ಹನ್ನೊಂದನೇ ಜಂತಿ ಹೆಂಗೈತಿ?" ಅವಾಗ ಮಗಳು ಸ್ವಲ್ಪ ತಡದು, ಖರೇ ಏನೈತಿ ಅದನ್ನ ಹೇಳತಾಳ. ಹೋದ ವಾರ ಅಕಿನೂ ತಿರುಗಿ ಕೇಳಿದಳು, "ನಿಂದು ಹೆಂಗೈತಿ ಅವ್ವಾ?" ಅಂತ. ಮೊಣಕಾಲು ನೋವಿನ ಸುದ್ದಿ ಅವತ್ತು ಹೇಳಿದೆ.